ಅಳಿವೆಯ ಋತುಚಕ್ರ: ಮಳೆ ತರುವ ಗೊಬ್ಬರ, ಬಿಸಿಲು ಬೆಳೆಸುವ ಪ್ಲವಕ

ಮುಂಗಾರಿನ ಅಬ್ಬರ ತಗ್ಗಿ ನದಿಗಳ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿರುವ ಅಘನಾಶಿನಿ ಅಳಿವೆಯಲ್ಲಿ ಜನರ ಓಡಾಟ ಹೆಚ್ಚುತ್ತದೆ. ಇಳಿತದ ವೇಳೆ ನೀರು ಹಿಂದೆ ಸರಿದು ಕೆಸರು ದಿಬ್ಬಗಳು ತೆರೆದುಕೊಂಡಾಗ ಸುತ್ತಲಿನ ಹಳ್ಳಿಗಳ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಆಯುತ್ತಾರೆ. ದಕ್ಷಿಣ ಕನ್ನಡದಲ್ಲಿ ಮರುವಾಯಿ ಎಂದು ಕರೆಯಲಾಗುವ ಈ ಚಿಪ್ಪುಮೀನು ಕರಾವಳಿಯ ಬಡವರ ಆಹಾರವೂ ಹೌದು, ಆದಾಯವೂ ಹೌದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಈ ಒಂದೇ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ದೊರೆಯುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ನೇರವಾಗಿ ಇದನ್ನೇ ಅವಲಂಬಿಸಿದ್ದರು.

ಯಾರೂ ಬಿತ್ತದ, ಯಾರೂ ಗೊಬ್ಬರ ಹಾಕದ ಈ ಫಸಲು ಬರುವುದಾದರೂ ಎಲ್ಲಿಂದ? ಇದಕ್ಕೆ ಉತ್ತರ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸಸ್ಯ ಪ್ಲವಕಗಳಲ್ಲಿದೆ. ಆ ಪ್ಲವಕಗಳಿಗೂ ಗದ್ದೆಯ ಭತ್ತದಂತೆಯೇ ಗೊಬ್ಬರ ಬೇಕು, ಬಿಸಿಲು ಬೇಕು, ಹದ ಬೇಕು. ಇವೆಲ್ಲವೂ ಒಂದೇ ಕಾಲಕ್ಕೆ ಒದಗುವುದಿಲ್ಲ ಎಂಬುದೇ ಅಳಿವೆಯ ಬದುಕಿನ ಮುಖ್ಯ ಸಂಗತಿ. ಎಷ್ಟು ಪೋಷಕಾಂಶ ಬಂದಿತು ಎಂಬುದರಷ್ಟೇ, ಅದು ಯಾವಾಗ ಬಂದಿತು ಮತ್ತು ನದಿ ಯಾವಾಗ ಸುಮ್ಮನಾಯಿತು ಎಂಬುದೂ ಇಲ್ಲಿ ನಿರ್ಣಾಯಕವಾಗುತ್ತದೆ.

ಪ್ಲವಕ ಎಂದರೇನು?

ನೀರಿನ ಚಲನೆಯನ್ನು ಮೀರಿ ಈಜಲಾರದೆ ಅದರೊಡನೆ ತೇಲಿ ಸಾಗುವ ಜೀವಿಗಳ ಸಮೂಹಕ್ಕೆ ಪ್ಲವಕ ಅಥವಾ ಪ್ಲಾಂಕ್ಟನ್ ಎಂದು ಹೆಸರು. ಅಲೆಯುವುದು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರನ್ನು ರೂಪಿಸಿ 1887ರಲ್ಲಿ ಬಳಕೆಗೆ ತಂದವರು ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸೆನ್. ಇವುಗಳಲ್ಲಿ ದ್ಯುತಿಸಂಶ್ಲೇಷಣೆಯಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವಂಥವು ಸಸ್ಯ ಪ್ಲವಕಗಳು. ಅವನ್ನು ಮೇಯುವ ಕೋಪಿಪಾಡ್‌ನಂತಹ ಸೂಕ್ಷ್ಮ ಜೀವಿಗಳು, ಸಿಗಡಿ, ಏಡಿ ಮತ್ತು ಮೀನುಗಳ ಮರಿಗಳು ಪ್ರಾಣಿ ಪ್ಲವಕಗಳು.

ಕರಾವಳಿಯ ಸಸ್ಯ ಪ್ಲವಕಗಳಲ್ಲಿ ಡಯಾಟಮ್‌ಗಳದ್ದು ಪ್ರಮುಖ ಸ್ಥಾನ. ಒಂದೇ ಜೀವಕೋಶದ ಈ ಪಾಚಿಗಳು ಗಾಜಿನ ಮೂಲವಸ್ತುವಾದ ಸಿಲಿಕಾದಿಂದ ತಮ್ಮ ಸುತ್ತ ಡಬ್ಬಿಯಂತಹ ಕವಚ ಕಟ್ಟಿಕೊಳ್ಳುತ್ತವೆ. ಪರಿಸ್ಥಿತಿ ಅನುಕೂಲಕರವಾಗಿದ್ದರೆ ಒಂದು ದಿನದೊಳಗೇ ಇವುಗಳ ಸಂಖ್ಯೆ ಇಮ್ಮಡಿಯಾಗಬಲ್ಲದು. ಬಳಚು, ಸಿಗಡಿ ಮರಿ, ಬೂತಾಯಿ ಮೊದಲಾದವುಗಳಿಗೆ ಡಯಾಟಮ್ ಉತ್ತಮ ಆಹಾರ. ಡೈನೋಫ್ಲಾಜೆಲ್ಲೇಟ್ ಎಂಬ ಇನ್ನೊಂದು ಗುಂಪಿಗೆ ಸಿಲಿಕಾ ಕವಚದ ಅಗತ್ಯವಿಲ್ಲ. ಚಾವಟಿಯಂತಹ ಎಳೆಗಳ ನೆರವಿನಿಂದ ಇವು ನೀರಿನಲ್ಲಿ ಮೇಲೆ ಕೆಳಗೆ ಚಲಿಸಬಲ್ಲವು. ಇವುಗಳಲ್ಲಿ ಕೆಲವು ವಿಷಕಾರಿ.

ಗೊಬ್ಬರದ ಲೆಕ್ಕಾಚಾರ

ಸಸ್ಯ ಪ್ಲವಕಗಳಿಗೆ ಬೇಕಾದ ಮುಖ್ಯ ಪೋಷಕಾಂಶಗಳು ಸಾರಜನಕ ಮತ್ತು ರಂಜಕ. ಡಯಾಟಮ್‌ಗಳಿಗೆ ಇವುಗಳ ಜೊತೆ ಸಿಲಿಕಾ ಕೂಡ ಬೇಕು. ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಗುರುತಿಸಿದರು. ಸಮುದ್ರದ ಪ್ಲವಕಗಳ ದೇಹದಲ್ಲಿಯೂ ಆಳ ಸಮುದ್ರದ ನೀರಿನಲ್ಲಿಯೂ ಸಾರಜನಕ ಮತ್ತು ರಂಜಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತವೆ ಎಂಬುದೇ ಆ ಸಂಗತಿ. ಮುಂದೆ ಪರಿಷ್ಕೃತಗೊಂಡ ಲೆಕ್ಕದ ಪ್ರಕಾರ ರಂಜಕದ 1 ಪರಮಾಣುವಿಗೆ ಸಾರಜನಕದ 16 ಹಾಗೂ ಇಂಗಾಲದ 106 ಪರಮಾಣುಗಳು ಬೇಕು. ಡಯಾಟಮ್‌ಗಳಿಗೆ ಸಾರಜನಕದಷ್ಟೇ ಸಿಲಿಕಾ ಬೇಕೆಂಬುದು ಸ್ಥೂಲ ಅಂದಾಜು.

ಈ ಅನುಪಾತದಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದೇ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಸಾರಜನಕ ಎಷ್ಟೇ ಇದ್ದರೂ ರಂಜಕ ಮುಗಿದಲ್ಲಿ ಬೆಳೆ ನಿಲ್ಲುತ್ತದೆ. ಎರಡೂ ಇದ್ದು ಸಿಲಿಕಾ ಮುಗಿದಲ್ಲಿ ಡಯಾಟಮ್ ಹಿಂದೆ ಸರಿದು ಸಿಲಿಕಾ ಬೇಡದ ಜೀವಿಗಳು ಆ ಜಾಗವನ್ನು ಆಕ್ರಮಿಸುತ್ತವೆ. ಹೀಗಾಗಿ ಅಳಿವೆಯ ಆರೋಗ್ಯದ ದೃಷ್ಟಿಯಿಂದ ಪೋಷಕಾಂಶಗಳ ಒಟ್ಟು ಪ್ರಮಾಣದಷ್ಟೇ ಅವುಗಳ ಪರಸ್ಪರ ಅನುಪಾತವೂ ಮಹತ್ವದ್ದಾಗಿದೆ.

ಮುಂಗಾರು: ಗೊಬ್ಬರ ಉಂಟು, ಬೆಳಕಿಲ್ಲ

ಕರ್ನಾಟಕದ ಕರಾವಳಿಯಲ್ಲಿ ವರ್ಷದ ಮಳೆಯ ಶೇ. 80ಕ್ಕೂ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಪಶ್ಚಿಮ ಘಟ್ಟದ ಕಾಡುಗಳ ಎಲೆಗೊಬ್ಬರ, ಅಡಿಕೆ ತೋಟ ಮತ್ತು ಗದ್ದೆಗಳ ಸಾರ, ಜಂಬಿಟ್ಟಿಗೆ ಮಣ್ಣು, ಬಂಡೆಗಳು ಸವೆದು ಕರಗಿದ ಸಿಲಿಕಾ ಇವೆಲ್ಲವೂ ಪ್ರವಾಹದೊಂದಿಗೆ ಅಳಿವೆಗೆ ಬಂದು ಸೇರುತ್ತವೆ. ವರ್ಷದಲ್ಲೇ ಅತ್ಯಧಿಕ ಪೋಷಕಾಂಶ ನೀರಿಗೆ ಸೇರುವ ಕಾಲವಿದು.

ಆದರೆ ಪ್ರವಾಹ ರಭಸವಾಗಿರುವ ದಿನಗಳಲ್ಲಿ ಪ್ಲವಕಗಳು ಈ ಗೊಬ್ಬರವನ್ನು ಪೂರ್ಣವಾಗಿ ಬಳಸಿಕೊಳ್ಳಲಾರವು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಕೆಸರು ತುಂಬಿದ ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಜೊತೆಗೆ ಆಕಾಶದಲ್ಲಿ ಸದಾ ಮೋಡ. ಎರಡನೆಯದು, ನೀರು ಅಳಿವೆಯಲ್ಲಿ ನಿಲ್ಲುವುದೇ ಇಲ್ಲ. ಪ್ಲವಕಗಳು ಇಮ್ಮಡಿಯಾಗುವ ವೇಗಕ್ಕಿಂತ ಅವನ್ನು ಸಮುದ್ರಕ್ಕೆ ತಳ್ಳುವ ಪ್ರವಾಹದ ವೇಗವೇ ಹೆಚ್ಚಾದಾಗ ಸಂಖ್ಯೆ ಬೆಳೆಯಲು ಅವಕಾಶವಿರುವುದಿಲ್ಲ. ಇದರೊಂದಿಗೆ ಲವಣಾಂಶವೂ ಏಕಾಏಕಿ ಕುಸಿಯುತ್ತದೆ. ಬೇಸಿಗೆಯಲ್ಲಿ ಬಹುತೇಕ ಸಮುದ್ರದಷ್ಟೇ ಉಪ್ಪಾಗಿದ್ದ ಅಳಿವೆಯ ಮೇಲ್ಪದರ ಭಾರಿ ಮಳೆಯ ದಿನಗಳಲ್ಲಿ ಸಿಹಿನೀರಾಗಿಬಿಡುತ್ತದೆ. ಈ ಬದಲಾವಣೆಯನ್ನು ತಾಳಲಾರದ ಅನೇಕ ಜೀವಿಗಳು ಸಾಯುತ್ತವೆ ಇಲ್ಲವೇ ಕೊಚ್ಚಿಹೋಗುತ್ತವೆ.

ಹಾಗೆಂದು ಮಳೆಗಾಲವಿಡೀ ಪ್ಲವಕಗಳ ಸುಳಿವೇ ಇರುವುದಿಲ್ಲ ಎಂದಲ್ಲ. ಕೆಲವು ದಿನ ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದರೆ ಸಾಕು, ಅಳಿವೆಯ ನೀರು ತಕ್ಷಣ ಪ್ರತಿಕ್ರಿಯಿಸುತ್ತದೆ. ಗೋವಾದ ಮಾಂಡವಿ ಮತ್ತು ಜುವಾರಿ ನದಿಗಳ ಅಳಿವೆಗಳಲ್ಲಿ ನಡೆದಿರುವ ಅಧ್ಯಯನಗಳು ಇಂತಹ ಬಿಡುವಿನ ದಿನಗಳಲ್ಲಿ ಸ್ಕೆಲಿಟೋನೆಮಾ ಮೊದಲಾದ ಡಯಾಟಮ್‌ಗಳು ಶೀಘ್ರವಾಗಿ ವೃದ್ಧಿಸುವುದನ್ನು ದಾಖಲಿಸಿವೆ. ಗೊಬ್ಬರ ಸಿದ್ಧವಿದ್ದು ಬೆಳಕಿಗಾಗಿ ಕಾಯುತ್ತಿದ್ದ ಪೈರಿನ ಸ್ಥಿತಿ ಅದು.

ಮಳೆ ನಿಂತ ಮೇಲೆ ಸುಗ್ಗಿ

ಸೆಪ್ಟೆಂಬರ್ ಕಳೆದು ಅಕ್ಟೋಬರ್ ಕಾಲಿಟ್ಟಂತೆ ಚಿತ್ರ ಬದಲಾಗುತ್ತದೆ. ನದಿಯ ಹರಿವು ತಗ್ಗುತ್ತದೆ, ಕೆಸರು ತಳಕ್ಕೆ ಇಳಿಯುತ್ತದೆ, ಉಬ್ಬರದೊಂದಿಗೆ ಉಪ್ಪುನೀರು ದಿನದಿನಕ್ಕೂ ಒಳನಾಡಿನತ್ತ ಏರತೊಡಗುತ್ತದೆ. ಮಳೆಗಾಲದಲ್ಲಿ ಬಂದ ಪೋಷಕಾಂಶದ ಒಂದು ಪಾಲು ಇನ್ನೂ ನೀರಿನಲ್ಲಿ, ಇನ್ನೊಂದು ಪಾಲು ತಳದ ಮಣ್ಣಿನಲ್ಲಿ ಉಳಿದಿರುತ್ತದೆ. ಬೆಳಕು, ಗೊಬ್ಬರ ಮತ್ತು ನಿಂತ ನೀರು ಮೂರೂ ಒಟ್ಟಿಗೆ ದೊರೆಯುವ ಈ ಅವಧಿಯಲ್ಲಿ ಡಯಾಟಮ್‌ಗಳ ಬೆಳವಣಿಗೆ ಭರದಿಂದ ಸಾಗುತ್ತದೆ. ಅವನ್ನು ಮೇಯುವ ಪ್ರಾಣಿ ಪ್ಲವಕಗಳು, ನಂತರ ಮೀನು ಮತ್ತು ಸಿಗಡಿಯ ಮರಿಗಳು ಸರದಿಯಂತೆ ಹೆಚ್ಚುತ್ತವೆ.

ಇದೇ ಕಾಲದಲ್ಲಿ ತಳದ ಕೆಸರಿನಲ್ಲಿ ಹುದುಗಿರುವ ಬಳಚುಗಳೂ ಕೊಬ್ಬುತ್ತವೆ. ಅವು ಬಾಯಿ ತೆರೆದು ನೀರನ್ನು ಒಳಗೆಳೆದುಕೊಂಡು ಪ್ಲವಕಗಳನ್ನು ಸೋಸಿ ತಿನ್ನುತ್ತವೆ. ಲಕ್ಷಾಂತರ ಬಳಚುಗಳಿರುವ ಅಳಿವೆಯಲ್ಲಿ ಇದು ನೀರನ್ನು ನಿರಂತರವಾಗಿ ಶುದ್ಧಗೊಳಿಸುವ ವ್ಯವಸ್ಥೆಯೂ ಹೌದು. ಬಳಚು ಆಯ್ದು ಹೊರತೆಗೆದಾಗ ಅದರ ಮಾಂಸದೊಂದಿಗೆ ಒಂದಿಷ್ಟು ಸಾರಜನಕ ಮತ್ತು ರಂಜಕವೂ ಅಳಿವೆಯಿಂದ ಹೊರಹೋಗುತ್ತವೆ.

ಬೇಸಿಗೆ: ಉಳಿತಾಯದ ಬದುಕು

ಫೆಬ್ರವರಿಯಿಂದ ಮೇ ತಿಂಗಳವರೆಗೆ ನದಿ ಬಡಕಲಾಗುತ್ತದೆ. ಹೊಸ ಗೊಬ್ಬರದ ಪೂರೈಕೆ ಬಹುತೇಕ ನಿಲ್ಲುತ್ತದೆ. ಈಗ ಅಳಿವೆ ಬದುಕುವುದು ಮರುಬಳಕೆಯಿಂದ. ಸತ್ತ ಪ್ಲವಕಗಳು, ಪ್ರಾಣಿಗಳ ವಿಸರ್ಜನೆ, ಸ್ಥಳೀಯರು ಕಾಂಡ್ಲಾ ಎಂದು ಕರೆಯುವ ಮ್ಯಾಂಗ್ರೋವ್ ಗಿಡಗಳಿಂದ ಉದುರಿದ ಎಲೆ ಇವೆಲ್ಲವನ್ನೂ ಬ್ಯಾಕ್ಟೀರಿಯಾಗಳು ಕೊಳೆಯಿಸಿ ಮತ್ತೆ ಕರಗಿದ ಪೋಷಕಾಂಶವಾಗಿ ನೀರಿಗೆ ಮರಳಿಸುತ್ತವೆ. ಕೆಸರಿನ ಆಮ್ಲಜನಕವಿಲ್ಲದ ಪದರಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲ ರೂಪದ ಸಾರಜನಕವಾಗಿ ಪರಿವರ್ತಿಸಿ ಗಾಳಿಗೆ ಬಿಡುತ್ತವೆ. ಹೆಚ್ಚುವರಿ ಸಾರಜನಕವನ್ನು ವಿಲೇವಾರಿ ಮಾಡುವ ಪ್ರಕೃತಿಯ ವಿಧಾನವಿದು.

ಅಳಿವೆಯ ಹೊರಗಿನ ಸಮುದ್ರದಲ್ಲೂ ಬೇಸಿಗೆಯಲ್ಲಿ ನೈಟ್ರೇಟ್ ವಿರಳ. ಆಗ ಗಾಳಿಯ ಸಾರಜನಕವನ್ನೇ ಹೀರಿಕೊಳ್ಳಬಲ್ಲ ಟ್ರೈಕೋಡೆಸ್ಮಿಯಮ್ ಎಂಬ ನೀಲಿ-ಹಸಿರು ಜೀವಿ ಮೇಲ್ಮೈಯಲ್ಲಿ ಮರದ ಪುಡಿಯಂತೆ ಹರಡಿಕೊಳ್ಳುತ್ತದೆ. 1770ರಲ್ಲಿ ಆಸ್ಟ್ರೇಲಿಯಾ ಬಳಿ ಸಾಗುತ್ತಿದ್ದ ಕ್ಯಾಪ್ಟನ್ ಕುಕ್ ಅವರ ನಾವಿಕರು ಇದನ್ನು ಕಂಡು ಸಮುದ್ರದ ಗರಗಸಪುಡಿ ಎಂದು ಹೆಸರಿಟ್ಟಿದ್ದರು. ಕರ್ನಾಟಕದ ಕರಾವಳಿಯಲ್ಲೂ ಬೇಸಿಗೆಯ ತಿಂಗಳುಗಳಲ್ಲಿ ಇದು ಕಾಣಿಸಿಕೊಂಡಿರುವ ದಾಖಲೆಗಳಿವೆ.

ಕಡಲಿನ ಕಡೆಯ ಬಾಗಿಲು

ಅಳಿವೆಗೆ ಗೊಬ್ಬರ ಬರುವುದು ನದಿಯಿಂದ ಮಾತ್ರವಲ್ಲ. ನೈಋತ್ಯ ಮುಂಗಾರಿನ ಅವಧಿಯಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ ನೀರು ಮೇಲಕ್ಕೆ ಏರಿಬರುತ್ತದೆ. ಈ ನೀರಿನಲ್ಲಿ ಪೋಷಕಾಂಶ ಅಧಿಕ, ಆಮ್ಲಜನಕ ಮಾತ್ರ ಅತ್ಯಲ್ಪ. ಮೇಲಿನ ಬೆಳಕಿನ ಪದರಕ್ಕೆ ಬಂದ ಪೋಷಕಾಂಶ ಡಯಾಟಮ್‌ಗಳನ್ನು ಬೆಳೆಸುತ್ತದೆ. ಅವು ಸತ್ತು ತಳಕ್ಕಿಳಿದು ಕೊಳೆಯುವಾಗ ಅಲ್ಲಿ ಉಳಿದಿದ್ದ ಆಮ್ಲಜನಕವೂ ಖರ್ಚಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ನೇ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಪಶ್ಚಿಮ ಕರಾವಳಿಯ ಸಮೀಪದ ಸಮುದ್ರದಲ್ಲಿ ಋತುಮಾನಕ್ಕೆ ಅನುಗುಣವಾಗಿ ಉಂಟಾಗುವ ಈ ಆಮ್ಲಜನಕ ಕೊರತೆಯತ್ತ ಜಗತ್ತಿನ ಗಮನ ಸೆಳೆದಿತ್ತು.

ಕರಾವಳಿಯ ಪ್ರಮುಖ ಮೀನಾದ ಬೂತಾಯಿಯ ಬದುಕೂ ಈ ಚಕ್ರದೊಂದಿಗೆ ಬೆಸೆದುಕೊಂಡಿದೆ. ಮುಂಗಾರಿನ ಸುಮಾರಿಗೆ ಸಂತಾನಾಭಿವೃದ್ಧಿ ನಡೆಸುವ ಈ ಮೀನಿಗೆ ಡಯಾಟಮ್ ಪ್ರಮುಖ ಆಹಾರ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೇರಳವಾಗಿರುವುದು ಬೂತಾಯಿ ಸಮೃದ್ಧಿಯ ಸೂಚನೆ ಎಂದು ಭಾರತೀಯ ವಿಜ್ಞಾನಿಗಳು 1955ರಷ್ಟು ಹಿಂದೆಯೇ ಬರೆದಿದ್ದರು. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ಇರುವ ನಿಷೇಧಕ್ಕೂ ಮೀನುಗಳ ಸಂತಾನಾಭಿವೃದ್ಧಿ ಕಾಲವೇ ಮುಖ್ಯ ಆಧಾರ.

ಎರಡು ನದಿ, ಎರಡು ಅಳಿವೆ

ಋತುಚಕ್ರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಅಘನಾಶಿನಿ ಸಮುದ್ರ ಸೇರುವ ತದಡಿಗೂ ಶರಾವತಿ ಸಮುದ್ರ ಸೇರುವ ಹೊನ್ನಾವರಕ್ಕೂ ನೇರ ಅಂತರ 30 ಕಿಲೋಮೀಟರ್‌ಗೂ ಕಡಿಮೆ. ಎರಡೂ ಕಡೆ ಮಳೆ ಮತ್ತು ಮಣ್ಣಿನಲ್ಲಿ ಹೆಚ್ಚಿನ ಭೇದವಿಲ್ಲ. ಆದರೆ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿರ್ಮಾಣವಾಯಿತು. ನಂತರ ಕೆಳಭಾಗದಲ್ಲಿ ಗೇರುಸೊಪ್ಪ ಅಣೆಕಟ್ಟು ತಲೆಯೆತ್ತಿತು.

ವಿದ್ಯುತ್ ಉತ್ಪಾದನೆಗೆ ಬಳಸಿದ ನೀರನ್ನು ವರ್ಷವಿಡೀ ಹೊರಬಿಡಬೇಕಾಗುತ್ತದೆ. ಪರಿಣಾಮವಾಗಿ ಶರಾವತಿಯ ಅಳಿವೆಗೆ ಬೇಸಿಗೆಯಲ್ಲೂ ಸಿಹಿನೀರು ಹರಿಯುತ್ತದೆ. ಅಘನಾಶಿನಿಯಲ್ಲಿ ಬೇಸಿಗೆಯ ಹೊತ್ತಿಗೆ ಉಪ್ಪುನೀರು ಒಳನಾಡಿನತ್ತ ಬಹುದೂರ ಸಾಗಿದರೆ ಶರಾವತಿಯಲ್ಲಿ ಅದು ಸಮುದ್ರದ ಬಾಗಿಲಲ್ಲೇ ತಡೆಹಿಡಿಯಲ್ಪಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳಲ್ಲಿ ಶರಾವತಿಯಲ್ಲಿ ಉಪ್ಪುನೀರನ್ನು ಬಯಸುವ ಚಿಪ್ಪುಮೀನುಗಳು ಬಹುಮಟ್ಟಿಗೆ ಕಣ್ಮರೆಯಾಗಿರುವುದು ಕಂಡುಬಂದಿದೆ. ಅಘನಾಶಿನಿಯಲ್ಲಾದರೆ ಸಮುದ್ರದ ಬಾಗಿಲ ಬಳಿ ಪಾಫಿಯಾ ಮಲಬಾರಿಕಾ, ನಡುವಿನಲ್ಲಿ ಮೆರೆಟ್ರಿಕ್ಸ್ ಕಾಸ್ಟಾ, ಸಿಹಿನೀರಿನ ಕಡೆ ವಿಲೋರಿಟಾ ಸಿಪ್ರಿನಾಯ್ಡಿಸ್ ಹೀಗೆ ಲವಣಾಂಶಕ್ಕೆ ತಕ್ಕಂತೆ ಒಂದೊಂದು ಪ್ರಭೇದ ಒಂದೊಂದು ನೆಲೆ ಕಂಡುಕೊಂಡಿದೆ.

ಅಣೆಕಟ್ಟುಗಳ ಇನ್ನೊಂದು ಪರಿಣಾಮ ಸಿಲಿಕಾಗೆ ಸಂಬಂಧಿಸಿದ್ದು. ಜಲಾಶಯದ ನಿಂತ ನೀರಿನಲ್ಲಿ ಸಿಹಿನೀರಿನ ಡಯಾಟಮ್‌ಗಳು ಬೆಳೆದು ಸಿಲಿಕಾವನ್ನು ಹೀರಿ ತಳದ ಹೂಳಿನಲ್ಲಿ ಸೇರಿಸಿಬಿಡುತ್ತವೆ. ಯುರೋಪಿನ ಡ್ಯಾನ್ಯೂಬ್ ನದಿಗೆ 1972ರಲ್ಲಿ ಪೂರ್ಣಗೊಂಡ ಐರನ್ ಗೇಟ್ಸ್ ಅಣೆಕಟ್ಟಿನ ನಂತರ ಕಪ್ಪು ಸಮುದ್ರದ ಕರಾವಳಿ ನೀರಿನಲ್ಲಿ ಸಿಲಿಕಾ ಪ್ರಮಾಣ ಗಣನೀಯವಾಗಿ ಕುಸಿದು, ಡಯಾಟಮ್‌ಗಳ ಜಾಗದಲ್ಲಿ ಸಿಲಿಕಾ ಬೇಡದ ಪ್ಲವಕಗಳು ಹೆಚ್ಚಿದವು ಎಂದು 1997ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತ್ತು. ಅಣೆಕಟ್ಟಿನಿಂದ ನೂರಾರು ಕಿಲೋಮೀಟರ್ ದೂರದ ಸಮುದ್ರದಲ್ಲೂ ಪ್ಲವಕಗಳ ಸ್ವರೂಪ ಬದಲಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಗೊಬ್ಬರ ಅತಿಯಾದಾಗ

ಪೋಷಕಾಂಶ ಕಡಿಮೆಯಾದಂತೆ ಅತಿಯಾದರೂ ಅಪಾಯ ತಪ್ಪಿದ್ದಲ್ಲ. ಪಟ್ಟಣಗಳ ಚರಂಡಿ ನೀರಿನಲ್ಲಿ ಸಾರಜನಕ ಮತ್ತು ರಂಜಕ ಧಾರಾಳವಾಗಿರುತ್ತವೆ. ಆದರೆ ಆ ಪ್ರಮಾಣಕ್ಕೆ ತಕ್ಕಷ್ಟು ಸಿಲಿಕಾ ಇರುವುದಿಲ್ಲ. ಇದು ಮಳೆಗಾಲಕ್ಕೆ ಮಾತ್ರ ಸೀಮಿತವಾಗದೆ ನದಿ ಬಡಕಲಾದ ಬೇಸಿಗೆಯಲ್ಲೂ ಹರಿದುಬರುತ್ತದೆ. ಪ್ಲವಕಗಳು ಮಿತಿಮೀರಿ ಬೆಳೆದು, ಸತ್ತು, ಕೊಳೆತು ರಾತ್ರಿಯ ವೇಳೆ ನೀರಿನ ಆಮ್ಲಜನಕ ಕುಸಿದರೆ ಮೀನುಗಳ ಸಾಮೂಹಿಕ ಸಾವು ಸಂಭವಿಸಬಹುದು.

ಕೆಲವು ಪ್ಲವಕಗಳ ಹಾವಳಿ ನೇರವಾಗಿ ಮನುಷ್ಯರನ್ನೂ ತಟ್ಟುತ್ತದೆ. ಕೆಲವು ಡೈನೋಫ್ಲಾಜೆಲ್ಲೇಟ್‌ಗಳ ವಿಷ ಚಿಪ್ಪುಮೀನಿನ ದೇಹದಲ್ಲಿ ಸಂಗ್ರಹವಾಗುತ್ತದೆ. ಬೇಯಿಸಿದರೂ ಅದು ನಾಶವಾಗುವುದಿಲ್ಲ. ನರಗಳ ಮೇಲೆ ಪರಿಣಾಮ ಬೀರುವ ಈ ವಿಷಬಾಧೆ 1983ರಲ್ಲಿ ಮಂಗಳೂರು ಪ್ರದೇಶದಲ್ಲಿ ಕಾಣಿಸಿಕೊಂಡಿದ್ದು ವೈಜ್ಞಾನಿಕ ದಾಖಲೆಗಳಲ್ಲಿದೆ. 2020ರ ನವೆಂಬರ್‌ನಲ್ಲಿ ರಾಜ್ಯದ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ನೋಡಲು ಜನ ಸೇರಿದ್ದರು. ಅದಕ್ಕೆ ಕಾರಣವಾದ ನಾಕ್ಟಿಲೂಕಾ ಸಿಂಟಿಲಾನ್ಸ್ ಎಂಬ ಜೀವಿ ಮನುಷ್ಯರಿಗೆ ವಿಷಕಾರಿಯಲ್ಲ. ಆದರೆ ಅದು ಡಯಾಟಮ್‌ಗಳನ್ನು ತಿಂದು ಹಾಕುತ್ತದೆ ಮತ್ತು ಬಹುತೇಕ ಮೀನುಗಳಿಗೆ ಉತ್ತಮ ಆಹಾರವಾಗುವುದಿಲ್ಲ.

ಅಳೆಯುವ ಬಗೆ

ಪ್ಲವಕಗಳ ಪ್ರಮಾಣ ತಿಳಿಯಲು ನಿಗದಿತ ನೀರನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ಅದರಲ್ಲಿ ಉಳಿದ ಪತ್ರಹರಿತ್ತನ್ನು ಅಸಿಟೋನ್ ದ್ರಾವಣದಲ್ಲಿ ಕರಗಿಸಿ ಅಳೆಯುತ್ತಾರೆ. ನೀರಿನ ತಿಳಿತನ ಅಳೆಯಲು ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ಬಿಲ್ಲೆಯ ವಿಧಾನ ಇಂದಿಗೂ ರೂಢಿಯಲ್ಲಿದೆ. ಬಿಲ್ಲೆಯನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿಕೊಳ್ಳುವುದಷ್ಟೇ ಇಲ್ಲಿನ ಕ್ರಮ.

ಸಮುದ್ರದ ಬಣ್ಣವನ್ನು ಆಕಾಶದಿಂದ ಗಮನಿಸಲು ಭಾರತ 1999ರಲ್ಲಿ ಓಷನ್‌ಸ್ಯಾಟ್-1, 2009ರಲ್ಲಿ ಓಷನ್‌ಸ್ಯಾಟ್-2, 2022ರಲ್ಲಿ ಆ ಸರಣಿಯ ಮೂರನೆಯ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸಮುದ್ರದ ಪತ್ರಹರಿತ್ತು ಮತ್ತು ಮೇಲ್ಮೈ ಉಷ್ಣತೆಯ ಇಂತಹ ಮಾಹಿತಿಯನ್ನು ಆಧರಿಸಿ ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಪ್ರದೇಶಗಳ ಮುನ್ಸೂಚನೆ ನೀಡುತ್ತದೆ. ಆದರೆ ಕಿರಿದಾದ, ಕೆಸರು ತುಂಬಿದ ಅಳಿವೆಗಳ ವಿಷಯದಲ್ಲಿ ಉಪಗ್ರಹದ ನೋಟಕ್ಕೆ ಮಿತಿಯಿದೆ. ಅಲ್ಲಿ ದೋಣಿಯಲ್ಲಿ ಹೋಗಿ, ಎಲ್ಲ ಋತುಗಳಲ್ಲೂ ನೀರಿನ ಮಾದರಿ ಸಂಗ್ರಹಿಸುವ ಕೆಲಸಕ್ಕೆ ಪರ್ಯಾಯವಿಲ್ಲ.

ಮುಂದೇನು?

ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಸುಮಾರು 4,800 ಹೆಕ್ಟೇರ್ ಪ್ರದೇಶ ಇದರ ವ್ಯಾಪ್ತಿಗೆ ಸೇರಿದೆ. ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಬೆಳೆಯುವ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವೂ ಇದೇ ಋತುಚಕ್ರದ ಕೂಸು. ಮಳೆಗಾಲದಲ್ಲಿ ಭತ್ತ, ನಂತರ ಮೀನು, ಸಿಗಡಿ ಎಂಬ ಸರದಿ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾವ ಹಿಂದೆ ಜನವಿರೋಧ ಎದುರಿಸಿತ್ತು. ಅಘನಾಶಿನಿಯ ನೀರನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಪ್ರಸ್ತಾವವೂ ಚರ್ಚೆಗೆ ಬಂದಿದೆ. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ ಎಂಬುದು ಇಂತಹ ಯೋಜನೆಗಳ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ವಾದ. ಬಯಲುಸೀಮೆಯ ನೀರಿನ ಬವಣೆ ನಿಜವೇ ಆದರೂ ವ್ಯರ್ಥ ಎಂಬ ಪದ ಅಳಿವೆಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸಮುದ್ರ ಸೇರುವ ಆ ಕೆಂಪು ನೀರೇ ಅಕ್ಟೋಬರ್‌ನಲ್ಲಿ ಡಯಾಟಮ್ ಆಗುತ್ತದೆ, ನಂತರ ಬಳಚಿನ ಮಾಂಸವಾಗುತ್ತದೆ.

ನದಿಯಲ್ಲಿ ಎಷ್ಟು ನೀರು ಉಳಿಸಬೇಕು ಎಂಬ ಪ್ರಶ್ನೆಯೊಂದಿಗೆ ಯಾವ ತಿಂಗಳಲ್ಲಿ ಎಷ್ಟು ಹರಿಯಬೇಕು, ಯಾವ ತಿಂಗಳಲ್ಲಿ ಹರಿವು ತಗ್ಗಬೇಕು ಎಂಬುದನ್ನೂ ಯೋಜನೆ ರೂಪಿಸುವವರು ಪರಿಗಣಿಸಬೇಕಾಗುತ್ತದೆ. ಹೆಚ್ಚು ನೀರು ಬಂದರೂ ಅಕಾಲದಲ್ಲಿ ಬಂದರೆ ಅಳಿವೆ ಸೊರಗುತ್ತದೆ ಎಂಬುದಕ್ಕೆ ಹೊನ್ನಾವರದ ಉದಾಹರಣೆ ಕಣ್ಣೆದುರಿಗಿದೆ. ಸಕಾಲದಲ್ಲಿ ಬಂದು ಸಕಾಲದಲ್ಲಿ ತಗ್ಗಿದರೆ ದೊರೆಯುವ ಫಸಲನ್ನು ಅಘನಾಶಿನಿಯ ದಿಬ್ಬಗಳಲ್ಲಿ ಇಳಿತದ ಹೊತ್ತಿಗೆ ಕಾಣಬಹುದು.